ತವರು ಬೇಕಾ, ತೋಟ ಬೇಕಾ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಸರಿ, ಒಪ್ಪಿದೆ. ಹಾಗಂತ ಸುಳ್ಳು ಆಡಬಹುದು ಅಂತ ಯಾರು ಹೇಳಿದ್ದು? ಹೋದ ತಿಂಗಳು ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಲಾಯರಮ್ಮನಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಆಳೆತ್ತರದ ಫೋಟೊ, ಅದಕ್ಕೆ ಸುಗಂಧರಾಜದ ದಪ್ಪ ಹಾರ, ಮುಂದಿನ ಸಾಲಿನಲ್ಲಿ ಪಕ್ಷದ ಮುಖಂಡರು. ಅವರಲ್ಲೊಬ್ಬರು ಮೈಕು ಹಿಡಿದು, "ಅಮ್ಮನವರು ತಮ್ಮ ಇಡೀ ವಕೀಲಿ ಜೀವನದಲ್ಲಿ ಒಂದು ಮನೆಯನ್ನೂ ಒಡೆಯಲಿಲ್ಲ, ಒಬ್ಬ ಹೆಣ್ಣುಮಗಳಿಗೂ ತವರು ತಪ್ಪಿಸಲಿಲ್ಲ" ಅಂದರು. ಚಪ್ಪಾಳೆ ಬಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಶ್ರದ್ಧಾಂಜಲಿ ಸಭೆಯಲ್ಲಿ ಯಾರಾದರೂ ಚಪ್ಪಾಳೆ ಹೊಡೀತಾರಾ ಅನ್ನೋದು ಬೇರೆ ಮಾತು, ಬಿಡಿ.

ಆಮೇಲೆ ಸಂಘಟಕರು ನನ್ನ ಹತ್ತಿರ ಬಂದು, "ಅಮ್ಮಾ, ಇಪ್ಪತ್ತೆರಡು ವರ್ಷ ಅವರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೋರು ನೀವು, ಎರಡು ಮಾತು ಹೇಳಿ" ಅಂದರು. ಗಂಟಲು ಸರಿಯಿಲ್ಲ ಅಂದೆ. ಗಂಟಲು ಚೆನ್ನಾಗೇ ಇತ್ತು. ಅಲ್ಲಿ ಆಡದ ಮಾತನ್ನು ಇಲ್ಲಿ ಬರೀತಿದ್ದೀನಿ. ಹಾರನಹಳ್ಳಿಯಲ್ಲಿ ನಮ್ಮಪ್ಪನ ತೆಂಗಿನ ತೋಟದಲ್ಲಿ ನನಗೂ ಒಂದು ಪಾಲಿತ್ತು. ಈಗ ಇಲ್ಲ. ಅದೇ ಊರಲ್ಲಿ ನನಗೊಂದು ತವರಿತ್ತು. ಅದೂ ಇಲ್ಲ. ಎರಡೂ ಹೋದದ್ದು ಲಾಯರಮ್ಮನ ಮಾತು ಕೇಳಿ. ಇಷ್ಟಾದರೂ ಆ ಹೆಂಗಸಿನ ಮೇಲೆ ನನಗೆ ಪ್ರೀತಿ ಹೋಗಿಲ್ಲವಲ್ಲ, ಅದು ಇನ್ನೊಂದು ಸಿಟ್ಟು.

ನಾನು ಮದುವೆಯಾಗಿ ಬೇಲೂರಿಗೆ ಬಂದ ಕಾಲಕ್ಕೆ ಅಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವ ಹೆಂಗಸು ಅಂದರೆ ಒಂದೋ ಕಕ್ಷಿದಾರಳು, ಇಲ್ಲಾ ಈಯಮ್ಮ. ಇಬ್ಬರನ್ನೂ ಜನ ಒಂದೇ ತರ ನೋಡೋರು. ಅದಕ್ಕೇ ಇರಬೇಕು, ಅವರು ತಮ್ಮ ಸುತ್ತ ಆಚಾರದ ಬೇಲಿ ಹಾಕಿಕೊಂಡಿದ್ದರು. ಹಣೆ ತುಂಬ ಕುಂಕುಮ, ಮೈ ತುಂಬ ಸೆರಗು, ಅದರ ಮೇಲೆ ಕರೀ ಕೋಟು, ತುರುಬಿನಲ್ಲಿ ಕನಕಾಂಬರ. ಇಬ್ಬರು ಮಕ್ಕಳಿಗೆ ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ತುಳಸಿಗೆ ನೀರು ಹಾಕಿ ಬಂದು ಆಫೀಸಿನ ಹೊಸಿಲಿಗೆ ತಾವೇ ರಂಗೋಲಿ ಎಳೆಯೋರು. ಚಪ್ಪಲಿ ಹೊರಗೆ ಬಿಡಬೇಕು, ಯಾರೇ ಆಗಲಿ. ಶುಕ್ರವಾರ ಕಡತಗಳ ಬೀರುವಿಗೂ ಊದುಬತ್ತಿ. ಒಂದು ಸಲ ಎದುರು ಪಾರ್ಟಿಯ ಲಾಯರು ಬೂಟು ಹಾಕಿಕೊಂಡೇ ಒಳಗೆ ಬಂದರು. ಇವರು ಪೆನ್ನು ಕೆಳಗಿಟ್ಟು, "ಅಲ್ಲೇ ನಿಂತು ಹೇಳಿ ಸ್ವಾಮಿ, ನಿಮ್ಮ ವಾದ ಕೋರ್ಟಲ್ಲಿ ಆಚೆ ರಸ್ತೆಗೂ ಕೇಳಿಸುತ್ತೆ" ಅಂದರು. ಆತ ಹೊರಗೆ ಹೋಗಿ ಬೂಟಿನ ದಾರ ಬಿಚ್ಚುತ್ತಾ ಕೂತರು.

ಜೂನಿಯರ್ ಆಗಿ ಸೇರಿದ ಹುಡುಗಿ ಚೂಡಿದಾರ್ ಹಾಕಿಕೊಂಡು ಬಂದರೆ ಒಂದೇ ಮಾತು: "ನಾಳೆಯಿಂದ ಸೀರೆ." ಯಾಕೆ ಮೇಡಂ ಅಂದರೆ, "ಸೀರೆ ಉಟ್ಟರೆ ಜನ ಕಿವಿ ಕೊಡ್ತಾರೆ, ಇಲ್ಲದಿದ್ರೆ ಬರೀ ಕಣ್ಣು ಕೊಡ್ತಾರೆ." ಹುಡುಗಿ ಅಳುಮುಖ ಮಾಡಿಕೊಂಡು ಸೀರೆ ಉಟ್ಟಳು. ತಪ್ಪು ನೋಡೋರದ್ದಲ್ವಾ, ಆ ಹುಡುಗಿಗ್ಯಾಕೆ ಆರು ಗಜ ಸುತ್ತಬೇಕು ಅಂತ ನನಗೆ ಬಾಯಿಗೆ ಬಂತು, ಆಡಲಿಲ್ಲ. ಅವರ ಎದುರು ನನ್ನ ಎಷ್ಟೋ ಮಾತು ಹಾಗೆ ಬಾಯಿಗೆ ಬಂದು ವಾಪಸು ಹೋಗಿವೆ.

ಧೈರ್ಯದ ವಿಚಾರಕ್ಕೆ ಬಂದರೆ ಮಾತ್ರ ಆಯಮ್ಮನ ಮುಂದೆ ಗಂಡಸರೂ ನಿಲ್ಲೋ ಹಾಗಿರಲಿಲ್ಲ. ಹಳೇಬೀಡಿನ ಕಡೆಯ ಒಂದು ಹುಡುಗಿ. ಬಾಣಂತನ ಮುಗಿಸಿಕೊಂಡು ಮಗು ಎತ್ತಿಕೊಂಡು ಗಂಡನ ಮನೆಗೆ ಹೋದರೆ, ಹೆಣ್ಣು ಹೆತ್ತವಳು ಬೇಡ ಅಂತ ಬಾಗಿಲು ಹಾಕಿಬಿಟ್ಟರಂತೆ. ನಾನು ನೋಟಿಸು ಟೈಪ್ ಮಾಡೋದಕ್ಕೆ ಹಾಳೆ ಏರಿಸಿದೆ. "ತೆಗಿ ಅದನ್ನ, ಏಳು" ಅಂದರು. ಹುಡುಗಿ, ಮಗು, ನಾನು, ಅವರು, ನಾಲ್ಕೂ ಜನ ಹಳೇಬೀಡಿನ ಬಸ್ಸು ಹತ್ತಿದೆವು. ಅಲ್ಲಿಂದ ಆಟೋದಲ್ಲಿ ಆ ಹಳ್ಳಿ. ಲಾಯರಮ್ಮ ಕರೀ ಕೋಟು ಹಾಕಿಕೊಂಡೇ ಹೋಗಿ ಅವರ ಜಗಲಿ ಮೇಲೆ ಕಾಲು ಮಡಚಿಕೊಂಡು ಕೂತರು. ಅತ್ತೆ ಅನ್ನಿಸಿಕೊಂಡವಳು ಗಾಬರಿಯಾಗಿ, "ಒಳೀಕ್ ಬನ್ರವ್ವ, ಬೀದೀಲಿ ಕೂತ್ರೆ ಜನ ಏನಂತಾರೆ" ಅಂದಳು. "ಮೊದಲು ಮಗು ಒಳಗೆ ಹೋಗಲಿ, ಆಮೇಲೆ ನಾನು" ಅಂದರು ಇವರು.

ಬೀದಿಗೆ ಬೀದಿಯೇ ಬಂದು ನಿಂತಿತು. ಮಧ್ಯಾಹ್ನದ ಬಿಸಿಲು ಏರಿತು. ಕೊನೆಗೆ ಅತ್ತೆಯೇ ಆರತಿ ತಟ್ಟೆ ತಂದು ಸೊಸೆಯನ್ನೂ ಮೊಮ್ಮಗಳನ್ನೂ ಒಳಗೆ ಕರೆದುಕೊಂಡಳು. ನನಗೆ ಕಣ್ಣಲ್ಲಿ ನೀರು. ಬಸ್ಸಿನಲ್ಲಿ ವಾಪಸು ಬರುವಾಗ, "ಅವಳ ಗಂಡ ನಾಳೆ ಮತ್ತೆ ಹೊರಗೆ ಹಾಕಿದ್ರೆ ಮೇಡಂ?" ಅಂದೆ. "ಮತ್ತೆ ಬಸ್ಸಿದೆಯಲ್ಲ" ಅಂದರು. ನಿಜ ಹೇಳಬೇಕು, ಮತ್ತೆ ಮೂರು ಸಲ ಆ ಬಸ್ಸು ಹತ್ತಿದ್ದೇವೆ. ಒಂದು ಸಲವೂ ಆ ಹುಡುಗಿಗೆ, ಬೇಡ, ಈ ಮನೆ ಬಿಟ್ಟು ನಡಿ, ನಾನಿದ್ದೀನಿ ಅಂತ ಹೇಳಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಬಂದೆವು. ಮನೆ ಅನ್ನೋದು ಒಡೆಯಬಾರದು. ಒಳಗಿರೋಳು ಒಡೆದು ಚೂರಾದರೂ ಪರವಾಗಿಲ್ಲ, ಗೋಡೆ ನಿಂತಿರಬೇಕು. ಅದು ಅವರ ಶಾಸ್ತ್ರ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹಕ್ಕು ಖುಲಾಸೆ ಪತ್ರ ಅಂತ ಒಂದಿದೆ. ನಮ್ಮ ಕಡೆ ಗೊತ್ತಿಲ್ಲದ ಮನೆಯಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸಿ, ಆಸ್ತಿಯಲ್ಲಿ ನನಗೆ ಪಾಲು ಬೇಡ ಅಂತ ಬರೆಸಿಕೊಳ್ಳೋ ಕಾಗದ. ಕಾನೂನು ಮಗಳಿಗೂ ಸಮಪಾಲು ಅಂತ ಹೇಳಿ ಎಷ್ಟೋ ಕಾಲವಾಯಿತು. ಹೇಳಲಿ, ಯಾರಿಗೆ ಬೇಕು? ಪಾಲು ಕೇಳಿದ ಹೆಣ್ಣು ಅಂದರೆ ಊರಲ್ಲಿ ಮನೆಹಾಳಿ. ಅರಿಶಿನ ಕುಂಕುಮ ಸಾಕು ಅಂದ ಹೆಣ್ಣು ಮನೆಮಗಳು. ಅದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೆಂಗಸರು ಮದುವೆಗೆ ಬಂದ ಹಾಗೆ ಹೂ ಮುಡಿದುಕೊಂಡು ಬರ್ತಾರೆ. ಅಣ್ಣ ತಟ್ಟೆಯಲ್ಲಿ ಸೀರೆ, ರವಿಕೆ ಕಣ, ಅರಿಶಿನ ಕುಂಕುಮ ಇಟ್ಟುಕೊಂಡು ನಿಂತಿರ್ತಾನೆ. ತಂಗಿ ಹೆಬ್ಬೆಟ್ಟು ಒತ್ತಿ, ಅದೇ ಬೆರಳನ್ನು ಒರೆಸಿಕೊಂಡು ತಟ್ಟೆ ತಗೋತಾಳೆ. ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂತಾರೆ.

ಬೇರೆ ಲಾಯರುಗಳ ಹತ್ತಿರ ಆ ಹೆಂಗಸರನ್ನು ಯಾರೂ ಒಂದು ಮಾತು ಕೇಳೋರಲ್ಲ. ನಮ್ಮವರು ಕೇಳೋರು. ಅಣ್ಣತಮ್ಮಂದಿರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಆ ಹೆಣ್ಣುಮಗಳಿಗೆ ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡೋರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ನೋಡಿ ನನಗೆ ಎಷ್ಟು ಹೆಮ್ಮೆ! ಆಹಾ, ಹೆಂಗಸಿನ ಕಷ್ಟ ಕೇಳೋದಕ್ಕೆ ಹೆಂಗಸೇ ಬೇಕು ಅಂತ. ಆಮೇಲೆ ಗೊತ್ತಾಯಿತು, ಪ್ರಶ್ನೆ ಪ್ರತಿ ಸಲವೂ ಅದೇ. "ಗಂಡ ಹೆಂಗವ್ನೆ?" "ಅವ್ನೆ ಕಣ್ರವ್ವ." "ಮಕ್ಕಳು ಓದ್ತಾವಾ?" "ಓದ್ತಾವೆ." ಆಮೇಲೆ ಮೂರನೆಯದು. "ಹೇಳವ್ವ. ತವರು ಬೇಕಾ, ತೋಟ ಬೇಕಾ?"

ಈ ಪ್ರಶ್ನೆಗೆ ಯಾವ ಹೆಣ್ಣು ತಾನೇ ತೋಟ ಅಂತಾಳೆ ಹೇಳಿ? ತವರು ಅಂತಲೇ ಅನ್ನೋಳು. ಒಬ್ಬಿಬ್ಬರು ಸುಮ್ಮನೆ ಕಾಲ ಬೆರಳು ನೋಡ್ತಾ ಕೂರೋರು. ಅಂಥವರಿಗೆ ಲಾಯರಮ್ಮ ತಮ್ಮ ಕಥೆ ಹೇಳೋರು. "ಗೆಂಡೆಹಳ್ಳೀಲಿ ನಮ್ಮಪ್ಪಂದು ಗದ್ದೆ ಇತ್ತು ಕಣವ್ವ. ನಾನು ಲಾಯರು, ಬೇಕಿದ್ರೆ ಕೋರ್ಟಲ್ಲಿ ನಿಂತು ತಗೋಬೋದಿತ್ತು. ಬಿಟ್ಟುಕೊಟ್ಟೆ. ಇವತ್ತಿಗೂ ಪ್ರತಿ ಗೌರಿ ಹಬ್ಬಕ್ಕೆ ನಮ್ಮಣ್ಣ ಬಾಗಿನದ ಜೊತೆ ಸೀರೆ ಕಳಿಸ್ತಾನೆ. ಇಗೋ, ಇದೂ ಅವನು ಕಳಿಸಿದ್ದೇ." ಉಟ್ಟ ಸೀರೆಯ ಸೆರಗು ಹಿಡಿದು ತೋರಿಸೋರು. ಎದುರಿಗೆ ಕೂತವಳು ಆ ಸೆರಗನ್ನು ಮುಟ್ಟಿ ನೋಡಿ, "ಆಯ್ತು ಕಣ್ರವ್ವ, ಎಲ್ ಒತ್ತಬೇಕು" ಅನ್ನೋಳು. ನಾನು ಪಕ್ಕದಲ್ಲಿ ಕೂತು 'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ' ಅಂತ ಟೈಪ್ ಮಾಡ್ತಿದ್ದೆ. ಕಣ್ಣು ಕಟ್ಟಿದರೂ ಆ ಸಾಲನ್ನು ನನ್ನ ಬೆರಳು ಹೊಡೀತಿದ್ದವು.

ನನ್ನ ಸರದಿಯೂ ಬಂತು. ನಮ್ಮಪ್ಪ ಹೋಗಿ ಇನ್ನೂ ವರ್ಷದ ತಿಥಿ ಆಗಿರಲಿಲ್ಲ. ಹಾರನಹಳ್ಳಿಯಿಂದ ನನ್ನ ಇಬ್ಬರು ಅಣ್ಣಂದಿರು ಎಳನೀರಿನ ಗೊನೆ ಹಿಡಿದುಕೊಂಡು ಬೇಲೂರಿಗೆ ಬಂದರು. ನೇರ ನಮ್ಮನೆಗಲ್ಲ, ಆಫೀಸಿಗೆ. ನನ್ನ ಗಂಡನಿಗೆ ಆಗ ಕೆಲಸ ಹೋಗಿತ್ತು, ಇಬ್ಬರು ಮಕ್ಕಳು ಸ್ಕೂಲಿಗೆ ಹೋಗ್ತಿದ್ದವು. ತೋಟದಲ್ಲಿ ನನ್ನ ಪಾಲಿನ ಒಂದು ತುಂಡು ಇದ್ದಿದ್ದರೆ ಸಾಕಿತ್ತು. ಲಾಯರಮ್ಮನಿಗೆ ಇದೆಲ್ಲ ಗೊತ್ತು. ನಾನು ದಿನಾ ಅವರೆದುರೇ ತಾನೇ ಕೂರ್ತಿದ್ದದ್ದು. ನನಗೊಂದು ಬೇರೆ ಮಾತು ಹೇಳ್ತಾರೆ ಅಂತ ಆಸೆ ಪಟ್ಟೆ. ಮುಚ್ಚುಮರೆ ಯಾಕೆ, ದೇವರಿಗೆ ಹರಕೆಯನ್ನೂ ಹೊತ್ತೆ.

ಅಣ್ಣಂದಿರನ್ನು ಬೆಂಚಿನಲ್ಲಿ ಕೂರಿಸಿದರು. ಬಾಗಿಲು ಹಾಕಿದರು. ಕಾಫಿ ಬಗ್ಗಿಸಿದರು. "ತವರು ಬೇಕಾ, ತೋಟ ಬೇಕಾ?"

"ಎರಡೂ ಬೇಕು ಮೇಡಂ" ಅಂದೆ. ಹೇಗೆ ಬಾಯಿಗೆ ಬಂತೋ.

ಅವರು ನಕ್ಕರು. "ಎರಡೂ ಸಿಗೋ ಹಾಗಿದ್ದಿದ್ರೆ ನಾನು ಬಿಡ್ತಿದ್ನೇನೇ? ಅಣ್ಣಂದಿರು ಬಂಗಾರದಂಥೋರು. ಬಾಯಿ ಮುಚ್ಚಿಕೊಂಡು ಸೈನ್ ಹಾಕು."

ಸೈನ್ ಹಾಕಿಸಿದ್ದು ಒಂದು ಕಡೆ ಇರಲಿ. ಆ ಪತ್ರವನ್ನು ಟೈಪ್ ಮಾಡಿಸಿದ್ದೂ ನನ್ನ ಕೈಲೇ! "ನಿನ್ನಷ್ಟು ತಪ್ಪಿಲ್ಲದೆ ಬೇರೆ ಯಾರು ಮಾಡ್ತಾರೆ" ಅಂತ ಹೊಗಳಿ ಮಾಡಿಸಿದರು. ನನ್ನ ಹೆಸರು ನಾನೇ ಹೊಡೆದೆ, ನಮ್ಮಪ್ಪನ ಹೆಸರು ನಾನೇ ಹೊಡೆದೆ, ಸ್ವಸಂತೋಷದಿಂದ ಅಂತಲೂ ನಾನೇ ಹೊಡೆದೆ. ಅರಸೀಕೆರೆಯ ರಿಜಿಸ್ಟ್ರಾರ್ ಆಫೀಸಿಗೆ ಅವರ ಕಾರಿನಲ್ಲೇ ಹೋದೆವು. ಹಿಂದಿನ ಸೀಟಿನಲ್ಲಿ ಅಣ್ಣಂದಿರು ಪೇಟೆಯಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಗ್ತಿದೆ ಅಂತ ಮಾತಾಡಿಕೊಂಡು ಬಂದರು. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆಯಿದೆ. ನನ್ನ ಕೈಲಿ ಮಸಾಲೆಯನ್ನೂ ಅರೆಸಿದರು ನೋಡಿ.

ಎರಡು ವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದ. ಮೂರನೇ ವರ್ಷ ಫೋನು: "ಈ ಸಲ ಕೆಲ್ಸ ಜಾಸ್ತಿ ಐತೆ ಕಣವ್ವ, ಬರೋಕಾಗಲ್ಲ." ನಾಲ್ಕನೇ ವರ್ಷ ಫೋನೂ ಇಲ್ಲ. ಹಬ್ಬದ ಮಾರನೇ ದಿನ ಆಫೀಸಿಗೆ ಹೋದರೆ ಲಾಯರಮ್ಮ ಹೊಸ ಸೀರೆ ಉಟ್ಟು ಕೂತಿರೋರು. "ನಮ್ಮಣ್ಣ ಕಳಿಸಿದ್ದು. ನಿಮ್ಮಣ್ಣ ಏನ್ ಕಳಿಸ್ದ?" ಅನ್ನೋರು. ನಾನು ಏನು ಹೇಳಲಿ? ನಾನೂ ಉಟ್ಟದ್ದನ್ನು ತೋರಿಸಿ, "ಇದೇ ಮೇಡಂ, ಅಣ್ಣಂದೇ" ಅನ್ನುತ್ತಿದ್ದೆ. ಗಂಡನ ಮನೆಯವರಿಗೂ ಅಕ್ಕಪಕ್ಕದವರಿಗೂ ಅದೇ ಹೇಳಿದ್ದೆ. ತವರಿಂದ ಏನೂ ಬರಲಿಲ್ಲ ಅಂತ ಬಾಯಿಬಿಟ್ಟು ಹೇಳೋ ಹೆಣ್ಣು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅದು ನಮ್ಮ ಮಾನ. ಅಣ್ಣಂದಿರ ಮಾನ ಕೂಡ ನಾವೇ ಹೊರಬೇಕು.

ಈ ನಡುವೆ ಅವರು ದೊಡ್ಡವರಾದರು. ಪಕ್ಷದವರು ಮನೆಗೆ ಬಂದು ಕೈಮುಗಿದು, ಕುಟುಂಬದ ಮೌಲ್ಯ ಮಾತಾಡೋ ಹೆಣ್ಣುಮಗಳು ಬೇಕು ಅಂತ ಅವರನ್ನು ಮೇಲ್ಮನೆಗೆ ಕಳಿಸಿದರು. ಅಧಿವೇಶನಕ್ಕೆ ಹೋಗುವಾಗ ಸ್ಟೀಲಿನ ಕ್ಯಾರಿಯರಿನಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಹೋಗೋರು. ಒಂದು ಸಲ ಸದನದಲ್ಲಿ ಅವರದೇ ಪಕ್ಷದ ಒಬ್ಬ ಎದುರು ಪಕ್ಷದ ಮಹಿಳೆಗೆ ಹಗುರವಾಗಿ ಏನೋ ಅಂದ. ಇವರು ಎದ್ದು ನಿಂತು, "ನಿಮ್ಮ ತಾಯಿಯೂ ಸೀರೆ ಉಡೋರೇ ತಾನೇ? ಮೊದಲು ಕ್ಷಮೆ ಕೇಳಿ, ಆಮೇಲೆ ಕೂತ್ಕೊಳ್ಳಿ" ಅಂದು, ಅವನು ಕೇಳೋ ತನಕ ಕೂರಲಿಲ್ಲ. ಟಿವಿಯಲ್ಲಿ ನೋಡಿ ನಾನು ಮನೆಯಲ್ಲಿ ಎದ್ದು ನಿಂತುಬಿಟ್ಟಿದ್ದೆ. ಇಂಥ ಬಾಯಿ ಇರೋ ಹೆಂಗಸು ನನಗೋಸ್ಕರ ಒಂದು ಮಾತು ಆಡಿದ್ದಿದ್ದರೆ!

ಹಳೇಬೀಡಿನ ಒಂದು ಕಾಲೇಜಿನ ಸಮಾರಂಭಕ್ಕೆ ಅವರ ಜೊತೆ ಹೋಗಿದ್ದೆ. ಭಾಷಣ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು, "ಮೇಡಂ, ಕಾನೂನು ಪಾಲು ಕೊಡುತ್ತೆ, ನೀವು ಬಿಡು ಅಂತೀರ. ಹಾಗಾದ್ರೆ ನೀವು ಕಾನೂನು ಓದಿದ್ಯಾಕೆ?" ಅಂದಳು. ಲಾಯರಮ್ಮ ನಿಧಾನವಾಗಿ, "ಕಾನೂನು ಪಾಲು ಕೊಡುತ್ತಮ್ಮ. ಹೆರಿಗೆಗೆ ಕರ್ಕೊಂಡು ಹೋಗಲ್ಲ. ಗಂಡ ಹೋದ ದಿನ ಪಕ್ಕದಲ್ಲಿ ಬಂದು ಕೂರಲ್ಲ. ಅದಕ್ಕೆ ತವರೇ ಬೇಕು" ಅಂದರು. ಮುಂದಿನ ಸಾಲಿನವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಹುಡುಗಿ ಕೂತಳು. ಎಂಥಾ ಜಾಣ ಮಾತು! ಆ ವರ್ಷ ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲಿ ಬಂದು ಕೂತದ್ದು ಯಾರು? ಹಾರನಹಳ್ಳಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದು ಕೂತದ್ದು ಇದೇ ಲಾಯರಮ್ಮ, ಕ್ಯಾರಿಯರಿನಲ್ಲಿ ಗಂಜಿ ಹಿಡಿದುಕೊಂಡು. "ಅಣ್ಣಂದಿರು ಬಂದಿದ್ರಾ?" ಅಂತ ಕೇಳಿದರು. ಬೆಳಗ್ಗೆ ಬಂದು ಹೋದ್ರು ಮೇಡಂ ಅಂದೆ.

ಆ ಸಲ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ನಾನು ಎಂದಿನಂತೆ 'ಅಣ್ಣ ಕಳಿಸುವ' ಸೀರೆ ತರೋಣ ಅಂತ ಪೇಟೆಗೆ ಹೋದೆ. ಯಾವಾಗಲೂ ಹೋಗುವ ಅಂಗಡಿ ಮುಚ್ಚಿತ್ತು, ಅದರ ಎದುರಿನದಕ್ಕೆ ಹೊಕ್ಕೆ. ಅಂಗಡಿಯವನು ಗುರುತು ಹಿಡಿದ. "ಓ, ಲಾಯರಮ್ಮೋರ ಆಫೀಸ್ನೋರಲ್ವಾ? ಅವ್ರು ಈಗ ತಾನೇ ಹೋದ್ರು ನೋಡಿ. ಪ್ರತಿ ಗೌರಿ ಹಬ್ಬಕ್ಕೂ ನಮ್ಮಲ್ಲೇ ತಗೊಳ್ಳೋದು. ಅಂಗಡಿ ಕವರ್ ಬ್ಯಾಡ, ಪೇಪರಲ್ಲಿ ಸುತ್ತಿಕೊಡು ಅಂತಾರೆ." ಹಸಿರು ಮೈ, ಮಾವಿನಕಾಯಿ ಅಂಚು ಅಂತ ಬಣ್ಣವನ್ನೂ ಹೇಳಿದ.

ಹಬ್ಬದ ಮಾರನೇ ದಿನ ಲಾಯರಮ್ಮ ಹಸಿರು ಸೀರೆ ಉಟ್ಟು ಬಂದರು. ಮಾವಿನಕಾಯಿ ಅಂಚು. "ನಮ್ಮಣ್ಣ..." ಅಂತ ಶುರು ಮಾಡಿದರು. ಗದ್ದೆ ಬಿಟ್ಟುಕೊಟ್ಟು ಈ ಹೆಂಗಸಿಗೂ ತವರು ಉಳಿದಿಲ್ಲ. ಉಳಿದಿಲ್ಲ ಅಂತ ಗೊತ್ತಿದ್ದೂ, ಅಣ್ಣ ಕಳಿಸದ ಸೀರೆ ತೋರಿಸಿ ತೋರಿಸಿ ನಮ್ಮೆಲ್ಲರ ಕೈಲಿ ಸೈನ್ ಹಾಕಿಸಿದಳಲ್ಲ! ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಮೈ ಮೇಲೂ ಅಂಥದೇ ಸೀರೆ ಇತ್ತು, ಯಾವ ಮುಖ ಹೊತ್ತು ಕೇಳಲಿ? ಆ ತಿಂಗಳೇ ಕಣ್ಣು ಮಂಜಾಗ್ತಿದೆ ಅಂತ ಹೇಳಿ ಕೆಲಸ ಬಿಟ್ಟೆ.

ಹೋದ ವರ್ಷ ಅವರಿಗೆ ಕಾಯಿಲೆ ಜೋರಾಗಿ ಹಾಸಿಗೆ ಹಿಡಿದರು. ಒಂದು ಭಾನುವಾರ ಅವರ ಮಗ ಫೋನ್ ಮಾಡಿದ. ಬೇಲೂರಿನಲ್ಲೇ ಕಂಟ್ರಾಕ್ಟ್ ಕೆಲಸ ಮಾಡಿಕೊಂಡು, ತಾಯಿಯ ಹೆಸರಿನಲ್ಲಿ ಪಕ್ಷದಲ್ಲೂ ಓಡಾಡಿಕೊಂಡಿರೋನು. "ಆಂಟಿ, ಅಮ್ಮನ ಹಳೇ ಖುಲಾಸೆ ಪತ್ರದ ಡ್ರಾಫ್ಟ್ ನಿಮಗೆ ಬಾಯಿಪಾಠ ಅಲ್ವಾ. ಅಕ್ಕನ ಹೆಸರು ಹಾಕಿ ಒಂದು ರೆಡಿ ಮಾಡ್ಕೊಂಡು ಬನ್ನಿ. ಅಪ್ಪನ ಗದ್ದೆ ತೋಟದ್ದು ಅಮ್ಮ ಇರೋವಾಗ್ಲೇ ಮುಗಿಸ್ಬಿಡೋಣ." ಅಕ್ಕ ಅಂದರೆ ಲಾಯರಮ್ಮನ ಮಗಳು, ಅರಸೀಕೆರೆಯಲ್ಲಿ ಸ್ಕೂಲ್ ಟೀಚರ್. ಲಾ ಓದ್ತೀನಿ ಅಂತ ಕುಣಿದಿದ್ದ ಹುಡುಗಿ. "ಮನೆಗೆ ಒಬ್ಬಳು ಲಾಯರು ಸಾಕು, ನಿನ್ನನ್ನ ಯಾರು ಮದುವೆ ಆಗ್ತಾರೆ" ಅಂತ ತಾಯಿಯೇ ಬಿಡಿಸಿ, ಬಿ.ಎಡ್. ಮಾಡಿಸಿ, ತಾವೇ ಗಂಡು ಹುಡುಕಿ ಕೊಟ್ಟಿದ್ದರು.

ನಾನು ಯಾಕೆ ಒಪ್ಪಿದೆ ಅಂತ ಕೇಳಿದರೆ, ನನಗೆ ನೋಡಬೇಕಿತ್ತು. ಸ್ವಂತ ಮಗಳಿಗೂ ಅದೇ ಪ್ರಶ್ನೆ ಹಾಕ್ತಾರಾ ಅಂತ ಕಣ್ಣಾರೆ ನೋಡಬೇಕಿತ್ತು. ಹೊಟ್ಟೆಕಿಚ್ಚು ಅಂದರೆ ಅನ್ನಿ. ಪತ್ರ ಮಾಡಿಸಿಕೊಂಡು ಹೋದೆ.

ಹಾಲ್‌ನಲ್ಲೇ ಮಂಚ ಹಾಕಿದ್ದರು. ಮೈ ಕಡ್ಡಿಯಾಗಿತ್ತು, ಕುಂಕುಮದ ಅಗಲ ಮಾತ್ರ ಕಮ್ಮಿಯಾಗಿರಲಿಲ್ಲ. ಗಂಡ ಹೋದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಯಾರೋ ಒಂದು ಮಾತು ಅಂದಾಗ, "ಕುಂಕುಮ ಇಟ್ಟೋಳು ನಮ್ಮಮ್ಮ, ಗಂಡ ಅಲ್ಲ" ಅಂದಿದ್ದರು. ಅಷ್ಟು ಸಂಪ್ರದಾಯದವರು ಆ ಒಂದು ವಿಷಯದಲ್ಲಿ ಯಾರ ಮಾತೂ ಕೇಳಲಿಲ್ಲ. ಮಗಳು ಕಾಲ ಬಳಿ ಕೂತು ಪಾದ ಒತ್ತುತ್ತಿದ್ದಳು. ಮಗ ಪತ್ರವನ್ನು ಟೀಪಾಯಿ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದು ಅಕ್ಕನ ಕೈಗೆ ಕೊಟ್ಟ.

"ಅಮ್ಮಾ, ಏನ್ ಮಾಡ್ಲಿ?" ಅಂದಳು ಮಗಳು.

"ಅಮ್ಮನ್ನ ಏನ್ ಕೇಳ್ತೀಯಾ? ಊರಿಗೆಲ್ಲಾ ಅಮ್ಮ ಹೇಳಿರೋದೇ ತಾನೇ ಇದು. ನಾನೇನು ನಿನ್ನ ಬಿಟ್ಬಿಡ್ತೀನಾ?" ಅಂದ ಮಗ.

ಲಾಯರಮ್ಮ ಮಗನನ್ನು ನೋಡಿದರು. ಮಗಳನ್ನು ನೋಡಿದರು. ನಾನು ಆ ಮೂರನೇ ಪ್ರಶ್ನೆಗೆ ಕಾದೆ. ಅದು ಬರಲಿಲ್ಲ. ನನ್ನ ಕಡೆ ಬೆರಳು ತೋರಿಸಿ, "ಇವಳನ್ನ ಕೇಳು. ಇವಳು ಹಾಕಿದಾಳೆ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ನೋಡಿ ಎಂಥ ಲಾಯರು! ತಾನು ಆಡಬೇಕಾದ ಮಾತಿಗೆ ನನ್ನನ್ನು ಸಾಕ್ಷಿಗೆ ನಿಲ್ಲಿಸಿದರು. ಇಷ್ಟು ವರ್ಷ ಯಾರಿಗೂ ಹೇಳದ್ದು, ಅವರಿಗೂ ಹೇಳದ್ದು, ಅವತ್ತು ಹೇಳಿಬಿಟ್ಟೆ. "ಹೋದ ಕಾರ್ತೀಕದಲ್ಲಿ ಪೂಜೆಗೆ ಅಂತ ಹಾರನಹಳ್ಳಿಗೆ ಎರಡು ತೆಂಗಿನಕಾಯಿ ಕೇಳೋಕೆ ಹೋಗಿದ್ದೆ ಕಣಮ್ಮ. ನಮ್ಮಪ್ಪನ ತೋಟದ ಕಾಯಿ ಅಂತ ಆಸೆ. ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ, ಕಾಯೆಲ್ಲಾ ಲಾರಿಗೆ ಹಾಕಾಯ್ತು, ಒಂದೂ ಇಲ್ಲ ಅಂದ್ಲು. ಅಂಗಳದಲ್ಲಿ ಆಳುದ್ದ ರಾಶಿ ಇತ್ತು, ಮೇಲೆ ನಾಲ್ಕು ಗರಿ ಮುಚ್ಚಿದ್ರು. ನಮ್ಮಣ್ಣ ಆ ರಾಶಿ ಪಕ್ಕದಲ್ಲೇ ನಿಂತಿದ್ದ. ತಲೆ ಎತ್ತಲಿಲ್ಲ. ಬಸ್‌ಸ್ಟಾಂಡ್ ಹತ್ತಿರ ಅಂಗಡೀಲಿ ಕಾಯಿ ಕೊಂಡ್ಕೊಂಡು, ತವರಿಂದ ತಂದೆ ಅಂತ ಮನೇಲಿ ಹೇಳ್ದೆ. ಹಾಕಬೇಡ ಕಣಮ್ಮ. ಯಾವ ಕಾರಣಕ್ಕೂ ಹಾಕಬೇಡ."

ಮಗಳು ಪೆನ್ನು ಟೀಪಾಯಿ ಮೇಲೆ ಇಟ್ಟಳು. ಮಗ ನನ್ನ ಮೇಲೆ ಹಾರಾಡಿದ. ಅನ್ನ ತಿಂದ ಮನೆಗೆ ಎರಡು ಬಗೀತೀಯಾ ಅಂದ. ಪತ್ರ ಮುದುರಿಕೊಂಡು, ಬಾಗಿಲು ದಢಾರಂತ ಎಳೆದುಕೊಂಡು ಹೋದ. ಮಗಳು ಅಳು ನುಂಗಿಕೊಂಡು ಅಡಿಗೆ ಮನೆಗೆ ಎದ್ದು ಹೋದಳು. ಹಾಲ್‌ನಲ್ಲಿ ಅವರೂ ನಾನೂ ಇಬ್ಬರೇ ಉಳಿದೆವು.

"ಎರಡು ಕಾಯಿ ಕೊಡಲಿಲ್ವಾ?" ಅಂದರು ಲಾಯರಮ್ಮ.

"ನಿಮಗೆ ಗೆಂಡೆಹಳ್ಳಿಯಿಂದ ಏನು ಬರ್ತಿತ್ತು ಅಂತ ನನಗೂ ಗೊತ್ತು ಮೇಡಂ" ಅಂದೆ. "ಸೀರೆ ಅಂಗಡಿಯವನು ಹೇಳ್ದ. ಗೊತ್ತಿದ್ದೂ ನನ್ನ ಕೈಲಿ ಯಾಕೆ ಹಾಕಿಸಿದ್ರಿ?"

ಅವರು ಬೆಚ್ಚಲಿಲ್ಲ. "ನನ್ನದು ನನ್ನೊಬ್ಬಳ ಹಣೆಬರಹ ಅಂದ್ಕೊಂಡಿದ್ದೆ ಕಣೇ. ನೀನು ಪ್ರತಿ ವರ್ಷ ಅಣ್ಣ ಕಳಿಸಿದ್ದು ಅಂತ ಸೀರೆ ತೋರಿಸ್ತಿದ್ದೆ. ಸದ್ಯ, ಇವಳಿಗಾದ್ರೂ ತವರು ಉಳೀತಲ್ಲ, ನನ್ನ ಮಾತು ಸುಳ್ಳಾಗಲಿಲ್ಲವಲ್ಲ ಅಂದ್ಕೊಳ್ತಿದ್ದೆ."

ಎಷ್ಟು ಹೆಂಗಸರು ಹಾಗೆ ತಮ್ಮ ದುಡ್ಡಲ್ಲಿ ಸೀರೆ ಕೊಂಡು, ಒಬ್ಬರಿಗೊಬ್ಬರು ತೋರಿಸಿಕೊಂಡು, ಒಬ್ಬರನ್ನು ನೋಡಿ ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದರೋ! ಅದರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನಲ್ಲ. ಆದರೆ ನಾನು ಟೈಪಿಸ್ಟು, ಅವರು ಕಾನೂನು ಓದಿದವರು. ನನ್ನ ಸಿಟ್ಟು ಇಳಿಯಲಿಲ್ಲ.

"ಸರಿ ಮೇಡಂ. ನನ್ನ ಅಣ್ಣಂದಿರು ಬಂಗಾರದಂಥೋರು ಅಂತ ನಂಬಿದ್ರಿ. ಈ ತಾಲ್ಲೂಕಿನ ಅಣ್ಣತಮ್ಮಂದಿರನ್ನೆಲ್ಲಾ ನಂಬಿದ್ರಿ. ಇವತ್ತು ಸ್ವಂತ ಮಗನ್ನ ಯಾಕೆ ನಂಬಲಿಲ್ಲ?"

ಅಡಿಗೆ ಮನೆಯಲ್ಲಿ ಮಗಳು ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಲಾಯರಮ್ಮ ಅತ್ತ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅವನನ್ನ ಹೆತ್ತೋಳು ನಾನು. ನನಗೆ ಗೊತ್ತಿಲ್ವೇನೇ?"